ಅಪರಿಚಿತ ಯಂತ್ರ, ಎಚ್ಚರದ ಗಿರಾಕಿ

ಒಂದು ಕಾಲದಲ್ಲಿ ಟೆಲಿಫೋನು ಬೇಕೆಂದವನಿಗೆ ಆಯ್ಕೆಯೆಂಬ ಕಷ್ಟವೇ ಇರಲಿಲ್ಲ. ಬೆಂಗಳೂರಿನಿಂದ ವೈಟ್‌ಫೀಲ್ಡಿನ ಕಡೆಗೆ ಹೋಗುವ ಹಾದಿಯಲ್ಲಿ, ಕೃಷ್ಣರಾಜಪುರದ ಸಮೀಪ, ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಏನನ್ನು ತಯಾರಿಸುತ್ತಿತ್ತೋ ಅದೇ ಟೆಲಿಫೋನು. ಸರಕಾರ ಯಾವಾಗ ಕೊಡುತ್ತಿತ್ತೋ ಅದೇ ಮುಹೂರ್ತ. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದು, ಬೆರಳಿನಿಂದ ತಿರುಗಿಸುವ ಆ ಭಾರದ ಯಂತ್ರ ಮನೆಗೆ ಬಂದ ದಿನ ಅದಕ್ಕೆ ಕಸೂತಿಯ ಹೊದಿಕೆ ಹೊದಿಸಿ ಗೌರವಿಸುತ್ತಿದ್ದರು. ಅದರೊಳಗೆ ಯಾವ ವ್ಯವಸ್ಥೆಯಿದೆ, ಅದು ಯಾರದು, ನಾಳೆ ಉಳಿದೀತೆ ಎಂದು ಕೇಳಿದವರಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ.

ಇಂದು ಅದೇ ಊರಿನ ಪೀಣ್ಯದಲ್ಲಿ ಲೇತಿನ ಮುಂದೆ ಎಂಟು ಗಂಟೆ ನಿಂತು ಹೊರಬರುವ ಯುವಕನ ಅಂಗಿಯ ಜೇಬಿನಲ್ಲಿ, ಆ ಕಾಲದ ಟೆಲಿಫೋನು ವಿನಿಮಯ ಕೇಂದ್ರಕ್ಕಿಂತ ಚುರುಕಾದ ಒಂದು ಗಣಕಯಂತ್ರವಿದೆ. ಅದನ್ನು ನಡೆಸುವ ವ್ಯವಸ್ಥೆಗಳು ಜಗತ್ತಿನಲ್ಲಿ ಎರಡೇ ಎಂದರೂ ಸಲ್ಲುತ್ತದೆ: ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಮತ್ತು ಆಪಲ್ ಸಂಸ್ಥೆಯ ಐಓಎಸ್. ಭಾರತದಲ್ಲಂತೂ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವು ಆಂಡ್ರಾಯ್ಡಿನವು. ಮೂರನೆಯದೊಂದು, ಅಷ್ಟಾಗಿ ಹೆಸರಿಲ್ಲದ್ದು, ಈ ಯುವಕನ ಜೇಬನ್ನು ಸೇರಬಲ್ಲುದೆ? ಪ್ರಶ್ನೆ ವ್ಯಾಪಾರದ್ದಾಗಿ ಕಾಣುತ್ತದೆ. ಆದರೆ ಅದರ ಹಿಂದೆ ಇನ್ನೊಂದಿದೆ. ಈ ನಗರದ ಹೊರವಲಯಗಳಲ್ಲಿ ಲಕ್ಷಾಂತರ ಮಂದಿ ಪರರ ಯಂತ್ರಗಳಿಗೆ ತಂತ್ರಾಂಶ ಬರೆಯುತ್ತಾರೆ, ಪರರ ಯಂತ್ರಗಳನ್ನು ಜೋಡಿಸುತ್ತಾರೆ. ಇಲ್ಲಿಯೇ ಹುಟ್ಟಿದ್ದೊಂದನ್ನು ಇಲ್ಲಿಯವರೇ ಕೊಂಡುಕೊಳ್ಳುವ ದಿನ ಬಂದೀತೆ ಎಂಬುದೇ ಆ ಇನ್ನೊಂದು. ಆ ದಿನ ಒಮ್ಮೆ ಹತ್ತಿರ ಬಂದು ಹಿಂದಕ್ಕೆ ಸರಿದ ಕಥೆಯನ್ನು ಮೊದಲು ಹೇಳಬೇಕು.

೧೯೯೮ರಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಒದಗಬೇಕೆಂಬ ಬಗ್ಗೆ ಒಂದು ವಿಚಾರಗೋಷ್ಠಿ ನಡೆಯಿತು. ಇಂಗ್ಲಿಷ್ ಬಾರದ, ಬಹುಶಃ ಓದಲೂ ಬಾರದ ಹಳ್ಳಿಗನ ಕೈಗೆ ಗಣಕಯಂತ್ರ ತಲುಪುವುದು ಹೇಗೆ ಎಂಬ ಚಿಂತನೆ ಅಲ್ಲಿ ಮೊಳೆಯಿತು. ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರೂ ಸೇರಿ ಒಂದು ಟ್ರಸ್ಟನ್ನು ಕಟ್ಟಿದರು. ೨೦೦೧ರ ಏಪ್ರಿಲಿನಲ್ಲಿ ಅವರು ಲೋಕದ ಮುಂದಿಟ್ಟ ಅಂಗೈಯಗಲದ ಯಂತ್ರಕ್ಕೆ ಸಿಂಪ್ಯೂಟರ್ ಎಂದು ಹೆಸರು. ಸರಳವಾದ, ಅಗ್ಗವಾದ, ಹಲವು ಭಾಷೆಗಳ ಗಣಕಯಂತ್ರ ಎಂಬ ಅರ್ಥವನ್ನು ಆ ಹೆಸರಿನೊಳಗೆ ಅಡಗಿಸಿದ್ದರು.

ಅದನ್ನು ನಡೆಸುತ್ತಿದ್ದುದು ಯಾರ ಸೊತ್ತೂ ಅಲ್ಲದ ಲಿನಕ್ಸ್. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು, ಕೆಲಸ ನಡೆಯುತ್ತಿತ್ತು. ಓದಲು ಬಾರದವನಿಗೆ ಬರಹವನ್ನು ಓದಿ ಹೇಳುವ ಏರ್ಪಾಡನ್ನೂ ಅದಕ್ಕಾಗಿ ರೂಪಿಸಲಾಯಿತು. ಆ ಏರ್ಪಾಡಿಗೆ ‘ಧ್ವನಿ’ ಎಂದು ಹೆಸರು, ಅದು ಕನ್ನಡವನ್ನೂ ನುಡಿಯುತ್ತಿತ್ತು. ಇವೆಲ್ಲಕ್ಕಿಂತ ವಿಚಾರಾರ್ಹವಾದದ್ದು ಅದರ ಹಿಂದಿದ್ದ ಸಾಮಾಜಿಕ ಕಲ್ಪನೆ. ಒಬ್ಬೊಬ್ಬ ಬಡವನೂ ಒಂದೊಂದು ಯಂತ್ರವನ್ನು ಕೊಳ್ಳಲಾರನೆಂಬುದನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು. ಆದುದರಿಂದ ಯಂತ್ರಕ್ಕೆ ಒಂದು ಸ್ಮಾರ್ಟ್ ಕಾರ್ಡಿನ ಬಾಯಿಯನ್ನಿಟ್ಟರು. ಊರಿಗೊಂದು ಯಂತ್ರ, ತಲೆಗೊಂದು ಕಾರ್ಡು. ಕಾರ್ಡು ಹಾಕಿದೊಡನೆ ಆ ಯಂತ್ರ ಆ ಹೊತ್ತಿಗೆ ಅವನದು. ಪಂಚಾಯಿತಿ ಕಟ್ಟೆ, ಸಹಕಾರಿ ಸಂಘ, ಶಾಲೆ ಇವುಗಳನ್ನು ಕಂಡಿದ್ದ ಮನಸ್ಸುಗಳಿಗೆ ಮಾತ್ರ ಹೊಳೆಯಬಹುದಾದ ಉಪಾಯವದು. ೨೦೦೧ರ ಕೊನೆಯಲ್ಲಿ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಾಪ್ತಾಹಿಕದಲ್ಲಿ ಇದನ್ನು ಆ ವರ್ಷದ ಹಿರಿಯ ಆವಿಷ್ಕಾರಗಳ ಸಾಲಿನಲ್ಲಿಟ್ಟು ಹೊಗಳಿದರು. ಹೊಗಳಿಕೆ ತಪ್ಪಾಗಿರಲಿಲ್ಲ.

ಕೊಳ್ಳುವವರ ಕೈಗೆ ಅದು ಬರುವಷ್ಟರಲ್ಲಿ ೨೦೦೪ರ ಮಾರ್ಚ್ ಆಗಿತ್ತು. ಪ್ರಾಧ್ಯಾಪಕರು ಸ್ಥಾಪಿಸಿದ ಪಿಕೋಪೀಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸಿನೊಡನೆ ಕೂಡಿ ‘ಅಮಿಡಾ ಸಿಂಪ್ಯೂಟರ್’ ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿ ಹುಟ್ಟಿದ ಸರಕಾರಿ ಉದ್ಯಮ. ಅದರ ಹಳೆಯ ಕಾರ್ಖಾನೆ ಪೀಣ್ಯಕ್ಕೆ ಹತ್ತಿರದ ಜಾಲಹಳ್ಳಿಯಲ್ಲಿದೆ. ಸೇನೆಗೆ ರಾಡಾರು ಒದಗಿಸುವ ಸಂಸ್ಥೆಯು ಜನಸಾಮಾನ್ಯನಿಗೆ ಅಂಗೈ ಗಣಕವನ್ನೂ ಒದಗಿಸಲು ಹೊರಟದ್ದು ಸಣ್ಣ ಸಂಗತಿಯಲ್ಲ. ಆ ಯಂತ್ರವನ್ನು ಕೈಯಲ್ಲಿ ಹಿಡಿದು ಓಲಾಡಿಸಿದರೆ ಪುಟ ತಿರುಗುತ್ತಿತ್ತು. ಇಂಥ ಚಲನೆಯನ್ನರಿಯುವ ಶಕ್ತಿಯನ್ನು ಮೂರು ವರ್ಷಗಳ ಬಳಿಕ, ೨೦೦೭ರಲ್ಲಿ, ಆಪಲ್ ಸಂಸ್ಥೆಯ ಐಫೋನಿನಲ್ಲಿ ಕಂಡು ಜಗತ್ತು ಬೆರಗಾಯಿತು. ತನ್ನ ಕೈಬರಹದಲ್ಲಿಯೇ ಕಾಗದ ಬರೆದು ಇ-ಮೇಲಿನಲ್ಲಿ ಕಳುಹಿಸಬಹುದಿತ್ತು. ಕನ್ನಡ ಅಕ್ಷರಗಳಿಗೆ ಕೀಲಿಮಣೆ ಯಾವುದೆಂಬ ಜಗಳವೇ ಅಲ್ಲಿಗೆ ತೀರಿತು.

ಇಷ್ಟೆಲ್ಲ ಇದ್ದೂ ಗಿರಾಕಿ ಬರಲಿಲ್ಲ. ಬೆಲೆ ಸುಮಾರು ೧೦,೦೦೦ ರೂಪಾಯಿಯಿಂದ ತೊಡಗಿ, ಬಣ್ಣದ ಪರದೆ ಬೇಕೆಂದರೆ ೨೦,೦೦೦ದ ಹತ್ತಿರ ಹೋಗುತ್ತಿತ್ತು. ತಯಾರಕರು ಹತ್ತಾರು ಸಾವಿರದ ಲೆಕ್ಕದಲ್ಲಿ ನಿರೀಕ್ಷಿಸಿದ್ದರು. ಮಾರಾಟವಾದದ್ದು ಕೆಲವೇ ಸಾವಿರ. ಕರ್ನಾಟಕದ ಭೂದಾಖಲೆಗಳ ಕೆಲಸದಲ್ಲಿ, ಛತ್ತೀಸಗಢದ ಶಾಲೆಗಳಲ್ಲಿ ಅದು ಬಳಕೆಗೆ ಬಂದದ್ದುಂಟು. ಆದರೆ ಸಂತೆಗೆ ಹೋದ ರೈತ ಅದನ್ನು ಕೊಂಡು ತರಲಿಲ್ಲ. ೨೦೦೩ರಲ್ಲಿಯೇ ಮಾರುಕಟ್ಟೆಗೆ ಬಂದಿದ್ದ ನೋಕಿಯಾ ೧೧೦೦ ಎಂಬ ಪುಟ್ಟ ಫೋನನ್ನು ತಂದ. ಅದರಲ್ಲಿ ಲಿನಕ್ಸ್ ಇರಲಿಲ್ಲ, ಧ್ವನಿಯಿರಲಿಲ್ಲ, ಕಾರ್ಡಿನ ಬಾಯಿಯಿರಲಿಲ್ಲ. ಒಂದು ಟಾರ್ಚು ಇತ್ತು. ಅದಕ್ಕಿಂತ ಹೆಚ್ಚಾಗಿ, ಅದರಿಂದ ಮಗಳ ಊರಿಗೆ ಮಾತನಾಡಬಹುದಿತ್ತು. ಅದೇ ವರ್ಷ ರಿಲಯನ್ಸ್ ಸಂಸ್ಥೆಯು ೫೦೧ ರೂಪಾಯಿ ಕಟ್ಟಿಸಿಕೊಂಡು ಕೈಗೆ ಫೋನು ಕೊಡುತ್ತಿತ್ತು. ಸಿಂಪ್ಯೂಟರ್ ಮೂಲತಃ ಫೋನಾಗಿ ಹುಟ್ಟಿದ್ದಲ್ಲ. ಹಳ್ಳಿಗನಿಗೆ ಮಾಹಿತಿ ಬೇಕೆಂದು ವಿದ್ವಾಂಸರು ಎಣಿಸಿದರು. ಅವನಿಗೆ ಮೊದಲು ಬೇಕಾದದ್ದು ಮಾತು. ಊರಿಗೊಂದು ಯಂತ್ರ ಸಾಕೆಂದು ಅವರು ಎಣಿಸಿದರು. ಅವನು ಹೊಟ್ಟೆ ಕಟ್ಟಿಯಾದರೂ ತನ್ನದೇ ಆದ ಒಂದನ್ನು ಇಟ್ಟುಕೊಳ್ಳುವವನಾಗಿದ್ದ. ಕೂಡಿ ಬಾಳುವುದನ್ನು ಚೆನ್ನಾಗಿ ಬಲ್ಲ ಸಮಾಜವೂ ಕೆಲವನ್ನು ಹಂಚಿಕೊಳ್ಳುವುದಿಲ್ಲ. ಹಲ್ಲುಜ್ಜುವ ಕಡ್ಡಿಯನ್ನು ಯಾರು ಹಂಚಿಕೊಳ್ಳುತ್ತಾರೆ? ಫೋನು ಆ ಜಾತಿಗೆ ಸೇರಿದ್ದೆಂಬುದು ಆಗ ಯಾರಿಗೂ ಸ್ಪಷ್ಟವಾಗಿರಲಿಲ್ಲವೆಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಸಿಂಪ್ಯೂಟರಿನ ಬಳಿಕ ಬೆಂಗಳೂರಿನ ನಂಟು ಪಡೆದು ಬಂದ ಅಲ್ಪಖ್ಯಾತ ವ್ಯವಸ್ಥೆಗಳಲ್ಲಿ ಸ್ಯಾಮ್ಸಂಗ್ ಸಂಸ್ಥೆಯ ಟೈಜನ್ ಒಂದು. ಅದರ ರಚನೆಯಲ್ಲಿ ಬೆಂಗಳೂರಿನ ಸಂಶೋಧನಾ ಕೇಂದ್ರದ ಕೈಯೂ ಇತ್ತು. ೨೦೧೫ರ ಜನವರಿಯಲ್ಲಿ ಅದರ ಮೊದಲ ಫೋನು ‘ಜ಼ೆಡ್ ೧’ ಬೇರೆಲ್ಲೂ ಅಲ್ಲ, ಭಾರತದಲ್ಲಿಯೇ ಬಿಡುಗಡೆಯಾಯಿತು. ಬೆಲೆ ೫,೭೦೦ ರೂಪಾಯಿ. ಹಗುರವಾಗಿ ಓಡುತ್ತಿತ್ತು, ಬ್ಯಾಟರಿ ಚೆನ್ನಾಗಿ ಬರುತ್ತಿತ್ತು. ಅದಕ್ಕೂ ಮುಂಚೆ, ೨೦೧೪ರ ಆಗಸ್ಟಿನಲ್ಲಿ, ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಓಎಸ್ ಅನ್ನು ಹೊತ್ತು ಇಂಟೆಕ್ಸ್ ಕಂಪನಿಯ ಫೋನು ೧,೯೯೯ ರೂಪಾಯಿಗೆ ಬಂದಿತ್ತು. ಮೈಕ್ರೋಸಾಫ್ಟಿನಂಥ ಕುಬೇರನ ವಿಂಡೋಸ್ ಫೋನೂ ಇತ್ತು. ಇವುಗಳ ಅಂತ್ಯವನ್ನು ಬೇಗ ಹೇಳಿಬಿಡಬಹುದು: ಮೊಜಿಲ್ಲಾ ೨೦೧೫ರ ಡಿಸೆಂಬರಿನಲ್ಲಿ ಫೋನಿನ ಪ್ರಯತ್ನ ಸಾಕೆಂದಿತು; ವಿಂಡೋಸ್ ಫೋನಿಗೆ ೨೦೧೯ರ ಕೊನೆಗೆ ವಾಟ್ಸಾಪ್ ನಿಂತಿತು; ಟೈಜನ್ ಫೋನುಗಳ ಆಪ್ ಅಂಗಡಿ ೨೦೨೧ರ ಅಂತ್ಯಕ್ಕೆ ಮುಚ್ಚಿತು. ಹಣವಿಲ್ಲದ್ದು ಸೋತಿತೆನ್ನುವಂತಿಲ್ಲ, ಹಣವಿದ್ದದ್ದೂ ಸೋತಿತು. ಬೆಲೆ ಹೆಚ್ಚಾಗಿ ಸೋತಿತೆನ್ನುವಂತಿಲ್ಲ, ಎರಡು ಸಾವಿರದೊಳಗಿನದೂ ಸೋತಿತು.

ಇದರ ಗುಟ್ಟು ಹಳ್ಳಿಯ ಸಂತೆಯನ್ನು ಬಲ್ಲವರಿಗೆ ಕಷ್ಟವಲ್ಲ. ಒಂದೂರಿನಲ್ಲಿ ಸೋಮವಾರದ ಸಂತೆ ತಲೆಮಾರುಗಳಿಂದ ನಡೆದುಬಂದಿದೆ. ಪಕ್ಕದೂರಿನವರು ಅದೇ ಸೋಮವಾರ ತಮ್ಮಲ್ಲಿಯೂ ಸಂತೆ ಕಟ್ಟುತ್ತಾರೆ. ಜಾಗ ವಿಶಾಲ, ನೆರಳಿಗೆ ಮರ, ಕುಡಿಯಲು ನೀರು, ಸುಂಕವೂ ಕಡಿಮೆ. ಆದರೂ ವ್ಯಾಪಾರಿ ಬರುವುದಿಲ್ಲ, ಏಕೆಂದರೆ ಅಲ್ಲಿ ಗಿರಾಕಿಯಿಲ್ಲ. ಗಿರಾಕಿ ಬರುವುದಿಲ್ಲ, ಏಕೆಂದರೆ ವ್ಯಾಪಾರಿಯಿಲ್ಲ. ಮರದ ನೆರಳು ಮಾತ್ರ ಉಳಿಯುತ್ತದೆ. ಫೋನಿನ ವ್ಯವಸ್ಥೆಯೆಂಬುದು ಇಂಥ ಸಂತೆಮಾಳ. ಆಪುಗಳನ್ನು ಬರೆಯುವವರೇ ಅಲ್ಲಿನ ವ್ಯಾಪಾರಿಗಳು. ಪಾವತಿಯ ಆಪಿರಲಿ, ಸರಕು ತರಿಸುವ ಆಪಿರಲಿ, ಬಹುಪಾಲು ಬೆಂಗಳೂರಿನಲ್ಲಿಯೇ ಸಿದ್ಧವಾಗುತ್ತವೆ. ಫೋನ್‌ಪೇ, ಫ್ಲಿಪ್‌ಕಾರ್ಟ್ ಎರಡೂ ಈ ಊರಿನವೇ. ಅವರು ಎರಡು ಮಾಳಗಳಿಗೆ ಸಾಮಾನು ಹೇರುತ್ತಾರೆ. ಮೂರನೆಯದಕ್ಕೂ ಹೇರಿರೆಂದರೆ ಪ್ರತ್ಯೇಕವಾಗಿ ಆಳು ಬೇಕು, ಸಂಬಳ ಬೇಕು. ಅಲ್ಲಿ ಎಷ್ಟು ಜನವಿದ್ದಾರೆಂದು ಅವರು ಕೇಳುವುದು ನ್ಯಾಯವೇ.

ಇನ್ನು ಪೀಣ್ಯದ ಆ ಯುವಕನ ಕಡೆಯಿಂದ ನೋಡಬೇಕು. ತುಮಕೂರು ರಸ್ತೆಯುದ್ದಕ್ಕೂ ಬಂದು ನೆಲೆಸಿದ ಇಂಥವರಲ್ಲಿ ಹಲವರು ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ, ಐ.ಟಿ.ಐ. ಮುಗಿಸಿ, ಮೊದಲ ಸಂಬಳ ಕಂಡವರು. ಅವರಿಗೆ ಹತ್ತು ಸಾವಿರ ರೂಪಾಯಿಯ ಫೋನೆಂದರೆ ಮೂರು ವರ್ಷದ ಮಾತು. ಅಂಗಡಿಯ ಮೆಟ್ಟಿಲು ಹತ್ತಿದವನು ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ ಸಾಕು.

“ಅಣ್ಣಾ, ಇದ್ರಲ್ಲಿ ವಾಟ್ಸಾಪ್ ಬರ್ತದಾ?”

“ಬರ್ತದೆ ಕಣಪ್ಪ.”

“ಡಿಸ್‌ಪ್ಲೇ ಹೋದ್ರೆ ಇಲ್ಲೇ ಸಿಗ್ತದಾ?”

ಈ ಎರಡನೆಯ ಪ್ರಶ್ನೆಯ ಎದುರು ಎಷ್ಟೋ ಹೊಸ ವ್ಯವಸ್ಥೆಗಳು ಮುಗ್ಗರಿಸಿವೆ. ಒಡೆದ ಗಾಜನ್ನು ಸಂಜೆಯೊಳಗೆ ಹಾಕಿಕೊಡುವ ಓಣಿಯ ರಿಪೇರಿಯವನು ಯಾವ ಮಾದರಿಯ ಗಾಜನ್ನು ತರಿಸಿಟ್ಟಿದ್ದಾನೋ ಅದೇ ಕೊಳ್ಳಲು ಯೋಗ್ಯವಾದ ಫೋನು. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಈ ಗಾಜಿನ ಲೆಕ್ಕ ಬರುವುದಿಲ್ಲ. ಕಾಕಾ ಅಂಗಡಿಯಲ್ಲಿ ಚಹಾಕ್ಕೆ ಹಣ ಕೊಡುವುದು ಫೋನಿನಿಂದ. ಭವಿಷ್ಯನಿಧಿಯ ಲೆಕ್ಕ ನೋಡುವುದು ೨೦೧೭ರಲ್ಲಿ ಸರಕಾರ ತಂದ ಉಮಂಗ್ ಆಪಿನಿಂದ. ಮೇಸ್ತ್ರಿ ನಾಳಿನ ಪಾಳಿಯನ್ನು ತಿಳಿಸುವುದು ವಾಟ್ಸಾಪ್ ಗುಂಪಿನಲ್ಲಿ. ಇವುಗಳಲ್ಲಿ ಒಂದು ನಿಂತರೂ ಅವನಿಗೆ ಒಂದು ದಿನದ ಕೂಲಿಯ ನಷ್ಟವಾಗಬಹುದು. ಇಂಥವನು ಹೊಸದನ್ನು ನಂಬಲು ಹಿಂಜರಿದರೆ ಅವನನ್ನು ಜಡನೆಂದು ಕರೆಯುವ ವಿಶ್ಲೇಷಕರು ಅವನ ಜಾಗದಲ್ಲಿ ಒಂದು ತಿಂಗಳು ನಿಂತು ನೋಡಬೇಕು.

ಇದೇ ಪೀಣ್ಯದಲ್ಲಿ ೨೦೧೭ರಲ್ಲಿ ತೈವಾನಿನ ವಿಸ್ಟ್ರಾನ್ ಸಂಸ್ಥೆಯು ಐಫೋನನ್ನು ಜೋಡಿಸಲು ಆರಂಭಿಸಿತು. ಭಾರತದಲ್ಲಿ ಐಫೋನ್ ಜೋಡಣೆಗೆ ಅದೇ ನಾಂದಿ. ಜೋಡಿಸಿದ ಕೈಗಳ ಮಾಲೀಕರು ಮನೆಗೆ ಹೋಗುವಾಗ ಅವರ ಜೇಬಿನಲ್ಲಿದ್ದದ್ದು ಬೇರೆಯೇ ಫೋನು ಎಂದು ಊಹಿಸಲು ಹೆಚ್ಚಿನ ಕಲ್ಪನೆ ಬೇಡ. ನೇಕಾರ ತಾನು ನೇಯ್ದ ರೇಷ್ಮೆಯನ್ನುಡದ ಹಳೆಯ ಕಥೆಯೇ ಇಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಬಂದಿದೆ.

ಹಾಗಾದರೆ ಅಲ್ಪಖ್ಯಾತವಾದದ್ದು ಗೆದ್ದದ್ದೇ ಇಲ್ಲವೇ? ಒಮ್ಮೆ ಗೆದ್ದಿದೆ, ಆ ಗೆಲುವು ಹೆಚ್ಚು ಕಲಿಸುತ್ತದೆ. ಮೊಜಿಲ್ಲಾ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನ ತಿರುಳನ್ನು ಎತ್ತಿಕೊಂಡು ಕಾಯ್ ಓಎಸ್ ಎಂಬುದು ರೂಪುಗೊಂಡಿತು. ೨೦೧೭ರಲ್ಲಿ ಜಿಯೋ ಸಂಸ್ಥೆ ಅದನ್ನು ಗುಂಡಿಗಳಿದ್ದ ಒಂದು ಫೋನಿನಲ್ಲಿಟ್ಟು, ೧,೫೦೦ ರೂಪಾಯಿಯ ಮರಳಿ ಕೊಡುವ ಠೇವಣಿಗೆ ಜನರ ಕೈಗಿಟ್ಟಿತು. ಒಂದು ವರ್ಷದೊಳಗೆ ಎರಡೂವರೆ ಕೋಟಿ ಜನ ಅದನ್ನು ಬಳಸುತ್ತಿದ್ದಾರೆಂದು ಸಂಸ್ಥೆಯೇ ಘೋಷಿಸಿತು. ೨೦೧೮ರಲ್ಲಿ ಭಾರತದಲ್ಲಿ ಕಾಯ್ ಓಎಸ್ ಆಪಲನ್ನು ಹಿಂದೆ ಹಾಕಿ ಎರಡನೆಯ ಸ್ಥಾನಕ್ಕೇರಿತೆಂದು ವರದಿಗಳಾದವು. ಕೊಂಡವರಲ್ಲಿ ಎಷ್ಟು ಮಂದಿಗೆ ಕಾಯ್ ಓಎಸ್ ಎಂಬ ಹೆಸರು ಗೊತ್ತಿತ್ತು? ಅವರು ಕೊಂಡದ್ದು ವ್ಯವಸ್ಥೆಯನ್ನಲ್ಲ. ತಿಂಗಳಿಗಿಷ್ಟು ಎಂಬ ಅಗ್ಗದ ಮಾತನ್ನೂ ಅದರೊಂದಿಗೆ ಬಂದ ಸಿನಿಮಾ ಹಾಡನ್ನೂ. ಸಿಂಪ್ಯೂಟರ್ ಯಾವ ಮಾತನ್ನು ಹೊರಗಿಟ್ಟಿತ್ತೋ ಅದೇ ಮಾತಿನ ಬೆನ್ನೇರಿ ಕಾಯ್ ಓಎಸ್ ಒಳಬಂದಿತು. ಆದರೂ ೨೦೧೮ರ ಸೆಪ್ಟೆಂಬರಿನಲ್ಲಿ ವಾಟ್ಸಾಪ್ ಅದಕ್ಕೆ ಬರುವವರೆಗೆ ಜನ ಗೊಣಗುತ್ತಲೇ ಇದ್ದರು. ಬಂದ ಅತಿಥಿ ಉಳಿಯಲಿಲ್ಲ: ೨೦೨೪ರ ಜೂನಿನಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿ, ೨೦೨೫ರ ಆರಂಭಕ್ಕೆ ಹಳಬರಿಗೂ ನಿಲ್ಲಿಸಲಾಗುವುದೆಂದು ವಾಟ್ಸಾಪ್ ತಿಳಿಸಿತು. ಅಷ್ಟು ಹೊತ್ತಿಗೆ ಜಿಯೋ ಸಂಸ್ಥೆಯೇ ೨೦೨೧ರ ನವೆಂಬರಿನಲ್ಲಿ ಗೂಗಲಿನೊಡನೆ ಕೂಡಿ ಆಂಡ್ರಾಯ್ಡ್ ಫೋನನ್ನು ಹೊರತಂದಾಗಿತ್ತು. ಗೆದ್ದವನೇ ದೊಡ್ಡ ಸಂತೆಗೆ ಅಂಗಡಿ ಸಾಗಿಸಿದ.

ಇನ್ನೊಂದು ಗೆಲುವು ಚೀನದ್ದು. ವೈಟ್‌ಫೀಲ್ಡಿನಲ್ಲಿ ದೊಡ್ಡ ಸಂಶೋಧನಾ ಕೇಂದ್ರವನ್ನು ಕಟ್ಟಿದ ಹುವಾವೇ ಸಂಸ್ಥೆಗೆ ೨೦೧೯ರ ಮೇ ತಿಂಗಳಲ್ಲಿ ಅಮೆರಿಕ ಸರಕಾರ ನಿರ್ಬಂಧ ಹೇರಿತು. ಹೊಸ ಫೋನುಗಳಲ್ಲಿ ಗೂಗಲಿನ ಸೇವೆಗಳು ಇಲ್ಲವಾದವು. ಬೇರೆ ದಾರಿಯಿಲ್ಲದೆ ಅದು ಹಾರ್ಮನಿ ಓಎಸ್ ಅನ್ನು ಬೆಳೆಸಿತು, ೨೦೨೪ರಲ್ಲಿ ಆಂಡ್ರಾಯ್ಡಿನ ಹಂಗೇ ಇಲ್ಲದ ಆವೃತ್ತಿಯನ್ನು ತಂದಿತು. ಅಲ್ಲಿ ಗೂಗಲಿನ ಅಂಗಡಿ ಮೊದಲೇ ಇರಲಿಲ್ಲವಾದ್ದರಿಂದ ಚೀನದ ಗಿರಾಕಿ ಕಳೆದುಕೊಂಡದ್ದು ಸ್ವಲ್ಪ. ಆ ದಾರಿಯನ್ನು ಇಲ್ಲಿ ಹಾರೈಸುವವರು ಅದರ ಬೆಲೆಯನ್ನೂ ಎಣಿಸಬೇಕು. ಬೇಲಿ ಕಟ್ಟಿ ಬೆಳೆಸಿದ ಸಸಿಯ ಹಣ್ಣು ಸಿಹಿಯಾಗಿರಬಹುದು. ಬೇಲಿ ಕಟ್ಟಿದವನು ಮಾತ್ರ ಅಲ್ಲಿ ಗಿರಾಕಿಯಲ್ಲ.

ಭಾರತದಲ್ಲಿ ಬೇಲಿಗೆ ಬದಲಾಗಿ ಕಾನೂನು ಒಂದಿಷ್ಟು ಕೆಲಸ ಮಾಡಿದೆ. ಗೂಗಲಿನ ಆಪುಗಳು ಬೇಕೆಂದರೆ ಆಂಡ್ರಾಯ್ಡನ್ನು ತಿದ್ದಿ ಮಾಡಿದ ಬೇರೆ ವ್ಯವಸ್ಥೆಗಳ ಫೋನನ್ನು ತಯಾರಿಸಕೂಡದೆಂಬ ಷರತ್ತು ತಯಾರಕರ ಕೈಕಟ್ಟಿತ್ತು. ೨೦೨೨ರ ಅಕ್ಟೋಬರ್ ೨೦ರಂದು ಭಾರತದ ಸ್ಪರ್ಧಾ ಆಯೋಗವು ಇಂಥ ನಡೆಗಳಿಗಾಗಿ ಗೂಗಲಿಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ವಿಧಿಸಿತು. ೨೦೨೩ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ಕೆಲವು ನಿರ್ದೇಶನಗಳನ್ನು ಮಾತ್ರ ಕೈಬಿಟ್ಟಿತು. ಅದೇ ವರ್ಷದ ಜನವರಿಯಲ್ಲಿ ಮದರಾಸಿನ ಐ.ಐ.ಟಿ.ಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದು ಭಾರ್‌ಓಎಸ್ ಎಂಬುದನ್ನು ಪ್ರದರ್ಶಿಸಿತು. ಆಂಡ್ರಾಯ್ಡಿನ ಮುಕ್ತ ತಿರುಳಿನ ಮೇಲೆಯೇ ನಿಂತ ಈ ವ್ಯವಸ್ಥೆಯನ್ನು ಸಂತೆಯ ಗಿರಾಕಿಗೆಂದು ಮಾಡಿದ್ದಲ್ಲ. ಗೋಪ್ಯತೆ ಕಾಪಾಡಬೇಕಾದ ಕಚೇರಿಗಳಿಗೆಂದು ಮಾಡಿದ್ದು. ಈ ವಿವೇಕ ಮೆಚ್ಚತಕ್ಕದ್ದು. ಸಿಂಪ್ಯೂಟರೂ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದೇ ಕೆಲಸವನ್ನು ಮಾಡುವ ಕಚೇರಿಯ ಕೈಗಳಲ್ಲಿ. ಅಲ್ಲಿ ಕೊಳ್ಳುವವನು ಬಳಸುವವನಲ್ಲ. ನೂರು ಆಪು ಬೇಕಿಲ್ಲ, ನಾಲ್ಕು ಸಾಕು.

ಉಳಿದದ್ದು ಭಾಷೆಯ ದಾರಿ. ಕನ್ನಡವೆಂದರೆ ಪರದೆಯ ಮೇಲೆ ಚೌಕಗಳ ಸಾಲು ಎಂಬಂತಿದ್ದ ದಿನಗಳು ಹತ್ತು ಹದಿನೈದು ವರ್ಷಗಳ ಹಿಂದಿನವು, ಬಹಳ ದೂರದವಲ್ಲ. ಆ ಸಮಯದಲ್ಲಿ ಕನ್ನಡವನ್ನು ಒಳಗಿನಿಂದ ಬಲ್ಲ ಒಂದು ವ್ಯವಸ್ಥೆ ಹಳ್ಳಿಯ ಹೃದಯವನ್ನು ಗೆಲ್ಲಬಹುದಿತ್ತು. ೨೦೦೧ರ ‘ಧ್ವನಿ’ ಆ ಮಾತನ್ನು ಬಹಳ ಮುಂಚೆಯೇ ಆಡಿತ್ತು. ಅನಂತರ ದೊಡ್ಡವರಿಬ್ಬರೂ ಕನ್ನಡ ಕಲಿತರು. ಇಂದು ಅಕ್ಷರ ಬಾರದ ಅಜ್ಜಿಯೂ ಫೋನಿಗೆ ಕನ್ನಡದಲ್ಲಿಯೇ ಹೇಳಿ ಕಥೆಯನ್ನೋ ಹಾಡನ್ನೋ ತೆಗೆಸುತ್ತಾಳೆ. ಸಿಂಪ್ಯೂಟರಿನ ಕನಸು ನನಸಾಯಿತು, ಸಿಂಪ್ಯೂಟರ್ ಇಲ್ಲದೆ. ವಿಜ್ಞಾನ ಮಂದಿರದ ಆ ಪ್ರಾಧ್ಯಾಪಕರಿಗೆ ಇದು ಸಂತೋಷವೋ ವಿಷಾದವೋ, ಹೊರಗಿನವರು ಹೇಳುವುದು ಕಷ್ಟ.

ಕೊನೆಗೆ ಟೈಜನ್ನಿನ ಸಂಗತಿಯೊಂದಿದೆ. ಫೋನಿನಿಂದ ಹೊರದಬ್ಬಿಸಿಕೊಂಡ ಅದು ಸತ್ತಿಲ್ಲ. ಸ್ಯಾಮ್ಸಂಗ್ ಸಂಸ್ಥೆಯ ಸ್ಮಾರ್ಟ್ ಟಿವಿಗಳನ್ನು ೨೦೧೫ರಿಂದ ನಡೆಸುತ್ತಿರುವುದು ಅದೇ. ಪರದೆಯುಳ್ಳ ತಂಗಳುಪೆಟ್ಟಿಗೆಗಳಲ್ಲಿಯೂ ಅದಿದೆ. ಪೀಣ್ಯದ ಬಾಡಿಗೆ ಮನೆಗೆ ಹಬ್ಬದ ಕಂತಿನಲ್ಲಿ ಟಿವಿ ತಂದವನು ಅಂಗಡಿಯಲ್ಲಿ ಇಂಚು ಕೇಳಿದ್ದಾನೆ, ವಾರಂಟಿ ಕೇಳಿದ್ದಾನೆ, ಕ್ರಿಕೆಟ್ ಬರುತ್ತದೆಯೇ ಎಂದು ಕೇಳಿದ್ದಾನೆ. ಒಳಗೆ ಯಾವ ವ್ಯವಸ್ಥೆಯಿದೆಯೆಂದು ಕೇಳಿಲ್ಲ. ಜೇಬಿನ ಬಾಗಿಲಲ್ಲಿ ತಡೆಯಲ್ಪಟ್ಟ ಅಪರಿಚಿತ ಗೋಡೆಯ ಮೊಳೆಗೆ ತೂಗಿಕೊಂಡು ಒಳಗೆ ಬಂದು ಕುಳಿತಿದ್ದಾನೆ. ಮನೆಯವರೆಲ್ಲ ರಾತ್ರಿ ಊಟದ ತಟ್ಟೆ ಹಿಡಿದು ಅವನ ಕಡೆಗೇ ಮುಖಮಾಡಿ ಕೂರುತ್ತಾರೆ.